ಆಚೆ ದಡದ ಚೌರಿಪಾಳ್ಯ

“ಮೂರನೇ ಕ್ಲಾಸಿಗೇ ಸ್ಲೇಟು ಒಡೆದು ಓಡಿಬಂದ ಕತ್ತೆ ಮುಂದೆ ಕಾಗದ ಇಟ್ಟರೆ ಅದು ಮೇಯುತ್ತೆ ಕಣಯ್ಯ, ಓದಲ್ಲ. ನಿನ್ನ ತಗಡಿನಂಗಡೀಲಿ ಡಬ್ಬದ ಮೇಲೆ ಆನೆ ಚಿತ್ರ ಕಂಡರೆ ಸೀಮೆಎಣ್ಣೆ ಅಂತೀಯಲ್ಲ, ಅಂಥದ್ದಲ್ಲ ಇದು. ಇದು ನಕಾಶೆ. ಮೊದಲು ಕೈ ತೆಗಿ, ಕೊಳೆ ಹತ್ತುತ್ತೆ.”

ಶಿರಸ್ತೇದಾರ ಬಸವರಾಜು ಇಷ್ಟು ಹೇಳಿ ಸುತ್ತ ನೋಡಿದ. ನೋಡಿದ್ದು ನಗಲಿ ಅಂತಲೇ. ಕಚೇರಿಯ ಜಗಲಿ ತುಂಬ ಜನ. ಗುಮಾಸ್ತರು ನಕ್ಕರು. ಬಾಗಿಲಿಗೊರಗಿ ನಿಂತಿದ್ದ ಜವಾನ ನಕ್ಕ. ಒತ್ತುವರಿ ತಕರಾರಿಗೆಂದು ಬಂದು ಬೆಳಗಿನಿಂದ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಯಾರೋ ಮುದುಕನೂ, ತನ್ನ ಪಾಲಿಗೆ ಬರಬೇಕಾದ ಬೈಗುಳ ಬೇರೊಬ್ಬನ ತಲೆಗೆ ಹೋಯಿತಲ್ಲ ಎಂಬ ಸಂತೋಷಕ್ಕೆ ನಕ್ಕ. ನಗದೆ ನಿಂತವರು ಚೌರಿಪಾಳ್ಯದಿಂದ ಬಂದಿದ್ದ ನಾಲ್ಕೈದು ಜನ ಮಾತ್ರ. ಅವರು ನಗಬೇಕೋ ಅಳಬೇಕೋ ತಿಳಿಯದೆ ಪೇಟ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದರು.

ಬೈಸಿಕೊಂಡ ಸಂತಿಯಾಗುವಿನ ಕಿವಿ ಕಾದ ಕಾವಲಿಯಾದವು. ಅವನ ಓದಿನ ಸಮಾಚಾರವನ್ನು ಬಸವರಾಜುವಿಗೆ ಹೇಳಿದವನು ಊರಿನ ಹಿರಿಯ ಅಂತೋಣಿಸ್ವಾಮಿಯೇ. “ನಮ್ಮ ಹುಡುಗ ಬುದ್ಧಿ, ಮಿಶನ್ ಸ್ಕೂಲಲ್ಲಿ ಮೂರನೇ ಕ್ಲಾಸ್ಗಂಟ ಓದವ್ನೆ, ಈಗ ಮಂಡಿ ಮೊಹಲ್ಲಾದಲ್ಲಿ ತಗಡಿನ ಕೆಲ್ಸ ಮಾಡ್ತವ್ನೆ” ಎಂದು ಎದೆಯುಬ್ಬಿಸಿ ಹೇಳಿಬಿಟ್ಟಿದ್ದ. ಊರಿಗೆ ಊರೇ ಹೆಬ್ಬೆಟ್ಟು ಒತ್ತುವಾಗ ಮೂರನೇ ಕ್ಲಾಸು ಸಣ್ಣ ಮಾತೇ?

“ಕೈ ತೆಗೆದಿದೀನಿ,” ಅಂದ ಸಂತಿಯಾಗು. ಹಲ್ಲು ಹಲ್ಲಿಗೆ ಅಂಟಿಕೊಂಡಿತ್ತು. “ಕಣ್ಣು ತೆಗೀಬೇಕಾ? ಓದಾಕೆ ಬರಲ್ಲ ಅನ್ನೋನಿಗೆ ನೀವೇ ಓದಿ ಹೇಳಿ. ನಮ್ಮೂರು ಎಲ್ಲದೆ ಇದ್ರಲ್ಲಿ?”

ಬಸವರಾಜುವಿಗೆ ಅಷ್ಟೇ ಬೇಕಾಗಿತ್ತು. ಮೇಜಿನ ಮೇಲೆ ಹಾಳೆಯನ್ನು ನೇರ್ಪಡಿಸಿ, ನಾಲ್ಕು ಮೂಲೆಗೂ ನಾಲ್ಕು ತೂಕದ ಕಲ್ಲಿಟ್ಟು, ಕಡ್ಡಿಯಿಂದ ತೋರಿಸುತ್ತ ಹೋದ. ಸಂತಿಯಾಗು ಬಗ್ಗಿ ನೋಡಿದ. ಹುಟ್ಟಿದ ಮೇಲೆ ಇಂಥದ್ದೊಂದನ್ನು ಅವನು ಕಂಡಿರಲಿಲ್ಲ. ನೀಲಿಯಲ್ಲಿ ಕಪಿಲೆ ಬಳುಕಿಕೊಂಡು ಇಳಿದಿದ್ದಳು, ಊರ ಹತ್ತಿರ ಮೊಣಕೈ ಮಡಚಿದ ಹಾಗೆ ತಿರುಗುವ ಜಾಗದಲ್ಲಿ ಅದೇ ಮೊಣಕೈ. ಮೂಡಣ ದಂಡೆಯ ದಿಬ್ಬಕ್ಕೆ ಕಂದು ಗೆರೆಗಳು ಒಂದರೊಳಗೊಂದು ಸುತ್ತಿಕೊಂಡಿದ್ದವು. ದಿಬ್ಬದ ನೆತ್ತಿಯ ಬಾವಿ ಇತ್ತು. ಬಾವಿಯ ಮಗ್ಗುಲ ಆಲದ ಮರ ಇತ್ತು. ಹೊಲಕ್ಕೆ ಹೋಗುವ ಗಾಡಿದಾರಿ ಇತ್ತು, ಅದು ಹಳ್ಳಕ್ಕಿಳಿದು ಹತ್ತುವ ಕೊರಕಲು ಕೂಡ ಇತ್ತು. ಇಷ್ಟು ಚೆನ್ನಾಗಿ ಬರೆದವನಿಗೆ ಕೈ ಮುಗಿಯಬೇಕು ಅನ್ನಿಸಿತು ಒಂದು ಗಳಿಗೆ. ಮರುಗಳಿಗೆಗೆ ಕಡ್ಡಿ ದಿಬ್ಬದ ಮೇಲೆ ನಿಂತಿತು.

“ಇಲ್ಲಿ ನೋಡು. ಹಾಳೂರು ಅಂತ ಬರೆದಿದೆ. ನೀವು ಈಗ ಮನೆ ಕಟ್ಟಿಕೊಂಡು ಕೂತಿರೋದು ಇಲ್ಲಿ.” ಕಡ್ಡಿ ಹೊಳೆ ದಾಟಿ ಪಡುವಣ ದಂಡೆಗೆ ಬಂತು. ಅಲ್ಲಿ ಒಂದೂ ಕಂದು ಗೆರೆಯಿಲ್ಲ, ಬರೀ ಬಯಲು. ಬಯಲಲ್ಲಿ ಸಾಸಿವೆ ಚೆಲ್ಲಿದ ಹಾಗೆ ಕೆಂಪು ಚುಕ್ಕೆಗಳು, ನಡುವೆ ಒಂದು ಶಿಲುಬೆ. “ಇದು ಚೌರಿಪಾಳ್ಯ. ನಿಮ್ಮ ದೇವರ ಗುಡಿ ಸಮೇತ. ಸರ್ಕಾರ ನಿಮ್ಮೂರನ್ನ ಕಿತ್ತುಕೊಳ್ತಿಲ್ಲ ಕಣಯ್ಯ. ನಿಮ್ಮೂರಿಗೆ ನೀವು ಹೋಗಿ ಅಂತಿದೆ.”

ಸರ್ಕಾರಕ್ಕೆ ಆ ದಿಬ್ಬ ಹಿಪ್ಪುನೇರಳೆ ತೋಟಕ್ಕೆ ಬೇಕಾಗಿತ್ತು. ಚೌರಿಪಾಳ್ಯದವರ ಹೊಲಗಳಿಗೆ ಖಾತೆ ಇತ್ತು, ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಮನೆಗಳು ಮಾತ್ರ ಹಾಳೂರಿನ ಬೀಳಿನಲ್ಲಿ ಆಮೇಲೆ ಎಬ್ಬಿಸಿಕೊಂಡವು ಅಂತ ಲೆಕ್ಕ. ಸುಗ್ಗಿಯೊಳಗೆ ಹೆಂಚು ತೊಲೆ ಕಳಚಿಕೊಂಡು ಆಚೆ ದಡ ಸೇರಬೇಕು.

“ಅದು ಊರಲ್ಲ ಬುದ್ಧಿ, ಪ್ಲೇಗಿನ ಗುಡಿಸ್ಲು!” ಅಂತೋಣಿಸ್ವಾಮಿಯ ದನಿ ಒಡೆಯಿತು. “ಆ ವರ್ಸ ಇಲಿ ಬಿದ್ವು ಅಂತ ಊರು ಬುಟ್ಟು ಆಚೆ ಮರಳಲ್ಲಿ ಗುಡಿಸ್ಲು ಹಾಕ್ಕೊಂಡಿದ್ದೋ. ಆರು ತಿಂಗ್ಳು. ಆಮೇಕೆ ವಾಪಸ್ ಬಂದ್ಬುಟ್ಟೋ. ಮೊನ್ನೆ ಆ ದೊಡ್ಡ ನೆರೆ ಬಂದಾಗ ಆ ಮರಳ ಮೇಲೆ ಎರಡಾಳು ನೀರು ನಿಂತಿತ್ತು. ಅಲ್ಲಿ ಹೋಗಿ ಒಲೆ ಹೂಡಿ ಅಂತೀರಲ್ಲ! ಅದೇ ಮರಳಲ್ಲಿ ನನ್ನ ಲೂಸೀನ ಹೂತಿದೀನಿ. ಗುಡಿಸ್ಲಿಗೆ ಪ್ಲೇಗು ಬಂದೇ ಇರ್ಲಿಲ್ಲ, ಎಲ್ಲಾ ನೆಟ್ಟಗಿದ್ದೋ. ಯಾವ ಪಾಪಿ ತಂದು ಹಚ್ಚಿದ್ನೋ, ಆರು ವರ್ಸದ ಕೂಸು ಎರಡು ದಿನಕ್ಕೇ ಹೋಯ್ತು. ಅದ್ರ ಹಿಂದೆ ಇನ್ನೂ ನಾಲ್ಕು.”

“ಗುಡಿಸಲಾದರೆ ಶಿಲುಬೆ ಯಾಕೆ ಬರೆದರು?”

ಅದಕ್ಕೂ ಉತ್ತರ ಇತ್ತು. ಚೌರಿಪಾಳ್ಯದವರು ರೋಗಕ್ಕೆ ಹೆದರಿ ಊರು ಬಿಡುವಾಗ ಮೊದಲು ಎತ್ತುತ್ತಿದ್ದುದು ತಮ್ಮ ಸಂತ ಚೌರಪ್ಪನ ಮರದ ಮೂರ್ತಿಯನ್ನು. ಸಂತ ಮುಂದೆ, ಜನ ಹಿಂದೆ. ಗುಡಿಸಲುಗಳ ನಡುವೆ ಸೋಗೆಯ ಚಪ್ಪರ ಹಾಕಿ ಸಂತನನ್ನು ಕೂರಿಸಿ ಅಲ್ಲೇ ದೀಪ ಹಚ್ಚುತ್ತಿದ್ದರು. ಸಂತ ಹೊರಗಿರುವಷ್ಟು ದಿನ ಬಿಟ್ಟುಬಂದ ಊರಲ್ಲಿ ಯಾರೂ ಬೆಂಕಿ ಕಾಣಿಸಬಾರದು, ಕಸ ಗುಡಿಸಬಾರದು, ಆ ಊರಿನ ಹೆಸರು ಕೂಡ ಎತ್ತಬಾರದು. ಚೌರಪ್ಪ ಎಲ್ಲಿದ್ದಾನೋ ಅಲ್ಲೇ ಊರು. ಇದನ್ನೆಲ್ಲ ಅಂತೋಣಿಸ್ವಾಮಿ ತೊದಲಿಕೊಂಡು ಹೇಳಿದ. ಬಸವರಾಜು ಕಡ್ಡಿಯಿಂದ ಬೆನ್ನು ಕೆರೆದುಕೊಳ್ಳುತ್ತ ಕೇಳಿದ. ಮನುಷ್ಯ ಪೂರಾ ಕಲ್ಲೇನಲ್ಲ.

“ನಿಮ್ಮ ಪುರಾಣ ನಾನು ನಂಬಿದರೆ ಏನು ಬಂತು? ಸರ್ವೆ ಮಾಡಿದ ಸಾಹೇಬರು ತೀರಿಕೊಂಡು ಬಹಳ ಕಾಲವಾಯಿತು. ಆ ಸರ್ವೆ ಪಾರ್ಟಿಯೋರು ಯಾರಾದರೂ ಬದುಕಿದ್ದರೆ ಗುರುವಾರ ಕರ್ಕೊಂಡು ಬನ್ನಿ, ದೊಡ್ಡ ಸಾಹೇಬರು ಇರ್ತಾರೆ. ಹೇಳಿಕೆ ಬರ್ಕೊಂಡು ಮೇಲಕ್ಕೆ ಕಳಿಸ್ತೀನಿ. ಗುರುವಾರ ತಪ್ಪಿತೋ, ಆಮೇಲೆ ನನ್ನ ಕೈಲಿ ಏನೂ ಇಲ್ಲ.”

“ಅವ್ನೆ, ಅವ್ನೆ!” ಅಂತೋಣಿಸ್ವಾಮಿ ಕುಣಿದ. “ಸರ್ವೆ ಸಾಹೇಬ್ರ ಜೊತೆ ಬಾವುಟ ಹಿಡಿಯೋನು ಒಬ್ಬ ಇದ್ದ, ಜವರಯ್ಯ ಅಂತ. ಇಲ್ಲೇ ಶ್ರೀರಾಂಪುರದೋನು. ಹೋದ್ ವರ್ಸ ಸಂತೇಲಿ ಹಗ್ಗ ಮಾರ್ತಿದ್ದ, ಮಾತಾಡಿಸ್ದೆ!”

ಜಗಲಿ ಇಳಿಯುವಾಗ ಸಂತಿಯಾಗು ಹೊಟ್ಟೆಯೊಳಗೇ ಆಣೆ ಇಟ್ಟುಕೊಂಡ. ಜವರಯ್ಯನನ್ನು ಹೊತ್ತಾದರೂ ತಂದು ಈ ಮೇಜಿನ ಮುಂದೆ ನಿಲ್ಲಿಸುತ್ತೇನೆ. ಇವನ ಕಡ್ಡಿ ಇವನ ಕೈಯಲ್ಲೇ ನಡುಗುವುದನ್ನು ನೋಡುತ್ತೇನೆ.

ಊರವರು ಚರ್ಚಿನ ಆವರಣದಲ್ಲಿ ಬೀಡುಬಿಟ್ಟರು. ಸಂತಿಯಾಗು ಮಂಡಿ ಮೊಹಲ್ಲಾದ ತನ್ನ ಕೋಣೆಗೆ ಬಂದ. ಬೆಲ್ಲದ ಮಂಡಿಯ ಹಿಂದುಗಡೆ ಒಂದು ಕೋಣೆ, ನೊಣಗಳ ಗುಂಯ್‌ಗುಟ್ಟುವಿಕೆಯಲ್ಲೇ ಬೆಳಗು, ಅದರಲ್ಲೇ ಬೈಗು. ತಾಯಿ ಜ್ಞಾನಮ್ಮ ಅವನಿಗೆ ಬೇಯಿಸಿಹಾಕಲೆಂದು ಊರಿನಿಂದ ಬಂದಿದ್ದವಳು. ಮಗನಿಗೊಂದು ಮದುವೆ ಆಗಿಬಿಟ್ಟರೆ ದಿಬ್ಬದ ಮೇಲಿನ ತನ್ನ ಮನೆಗೆ ಹೋಗಿ ಅಲ್ಲೇ ಕಣ್ಣು ಮುಚ್ಚುತ್ತೇನೆ ಅನ್ನುವುದು ಅವಳ ನಿತ್ಯದ ಮಾತು. ನಡೆದದ್ದನ್ನೆಲ್ಲ ಕೇಳುತ್ತ ಅವಳು ಒಲೆಯ ಮುಂದೆ ಕೂತೇ ಇದ್ದಳು. ಜವರಯ್ಯನ ಹೆಸರು ಬಂದಾಗ ಊದುಕೊಳವೆ ಬಾಯಿಂದ ಕೆಳಗಿಳಿಯಿತು.

“ಇನ್ನೂ ಬದುಕವ್ನಾ ಅವ್ನು?”

“ನಿಂಗೆ ಗೊತ್ತಾ ಅವ್ನು?”

“ಎಲ್ರಿಗೂ ಗೊತ್ತು. ಬಾವುಟ ಹಿಡ್ಕಂಡು ಓಡಾಡ್ತಿದ್ದ.” ಅವಳು ಮತ್ತೆ ಊದಿದಳು. ಬೂದಿ ಹಾರಿ ಗದ್ದದ ಮೇಲಿನ ಹಳೆಯ ಸುಟ್ಟ ಕಲೆಗೆ ಮೆತ್ತಿಕೊಂಡಿತು. “ಆ ಮುದುಕನ್ನ ಯಾಕೆ ಎಳ್ಕೊಂಡ್ ಬತ್ತೀಯ, ಬುಡು. ಅರವತ್ತೆಪ್ಪತ್ತರ ಮರೆವು, ಏನೇನೋ ಒದರ್ತಾನೆ. ಚರ್ಚಿನ ಸ್ವಾಮಿಗಳ ಕೈಲಿ ಒಂದು ಕಾಗ್ದ ಬರ್ಸು, ಸಾಕು.”

“ಏನ್ ಬುಡು? ಊರು ಹೋಯ್ತದೆ ಕಣವ್ವ, ಊರು! ನಿನ್ ಮನೆ ಹೋಯ್ತದೆ! ಸ್ವಾಮಿಗಳ ಕಾಗ್ದಾನ ಆ ನನ್ಮಗ ಕಿವಿ ಕೆರ್ಕೊಳಾಕೆ ಇಟ್ಕೊತಾನೆ!”

ಜ್ಞಾನಮ್ಮ ಒಲೆಗೆ ಇನ್ನೊಂದು ಸೌದೆ ನೂಕಿದಳು. ಮಗನ ಸಿಟ್ಟು ಅವಳಿಗೆ ಹೊಸದಲ್ಲ. ಅಪ್ಪ ಇಲ್ಲದೆ ಬೆಳೆದ ಹುಡುಗ, ಯಾರ ಮಾತನ್ನೂ ನೆಲಕ್ಕೆ ಬೀಳಗೊಡದೆ ತಿರುಗಿಸಿ ಕೊಟ್ಟೇ ದೊಡ್ಡವನಾಗಿದ್ದ. ಸ್ಕೂಲು ಬಿಟ್ಟದ್ದೂ ಹಾಗೆಯೇ, ಮೇಷ್ಟರಿಗೆ ಎದುರುತ್ತರ ಕೊಟ್ಟು.

ಮಾರನೆಯ ದಿನ ಅಂಗಡಿಗೆ ರಜ ಹೇಳಿ ಶ್ರೀರಾಂಪುರದ ದಾರಿ ಹಿಡಿದ. ಪೇಟೆ ಮುಗಿದು, ಜಟಕಾಗಳ ಸದ್ದು ಹಿಂದೆ ಬಿದ್ದು, ಹೊಲ ಶುರುವಾಯಿತು. ಮೋಡ ಕವಿದು ಚಾಮುಂಡಿ ಬೆಟ್ಟ ಅರ್ಧಕ್ಕೇ ಕತ್ತರಿಸಿದ ಹಾಗೆ ಕಾಣುತ್ತಿತ್ತು. ಜವರಯ್ಯ ಹಟ್ಟಿಯ ಮುಂದೆ ಕಾಲ ಹೆಬ್ಬೆರಳಿಗೆ ಕತ್ತಾಳೆ ನಾರು ಸಿಕ್ಕಿಸಿಕೊಂಡು ಹಗ್ಗ ಹೊಸೆಯುತ್ತಿದ್ದ. ಮರೆವು ಗಿರೆವು ಏನೂ ಇರಲಿಲ್ಲ. ಚೌರಿಪಾಳ್ಯ ಅಂದ ಕೂಡಲೆ ಮುಖ ಅರಳಿತು.

“ಬಾ ಮಗ, ಕುಂತ್ಕೊ. ಮರೆಯೋದುಂಟಾ ಆ ಹೊಳೇನ? ನಿಮ್ಮೂರ ಮೀನು ತಿಂದು ಭೇದಿ ಹತ್ಕೊಂಡು ಸಾಯ್ತಿದ್ದೆ.”

ಸಂತಿಯಾಗು ನಗಲಿಲ್ಲ. ನಕಾಶೆಯ ವಿಚಾರ ಹೇಳಿದ. “ನಿಮ್ ಸಾಹೇಬ ಕುರುಡ್ನಾ ತಾತ? ಬಾವಿ ಕಂಡ್ತು, ಮರ ಕಂಡ್ತು, ನಲವತ್ತು ಮನೆ ಕಾಣ್ಲಿಲ್ವಾ?”

ಹೊಸೆಯುವ ಕೈ ನಿಂತಿತು. “ಲೇಯ್, ನಮ್ ಬುದ್ಧಿಯೋರ್ನ ಅಂದೀಯೆ ಹುಷಾರು. ದಿಬ್ಬ ನೋಡಿದ ಏಟ್ಗೇ ಹೇಳಿದ್ರು, ಊರು ಆ ಕಡೀಕದೆ ಜವರ, ಇದು ಬರೀ ಗುಡಿಸ್ಲು ಅಂತ. ನೋಡ್ಕೊಂಡ್ ಬರಾನ ಅಂತ ಹೊಳೆಗೂ ಇಳಿದ್ರು. ಬೇಸ್ಗೆ, ಮೊಣಕಾಲುದ್ದ ನೀರು. ನಿಮ್ ಗಂಡಸ್ರೆಲ್ಲ ನಮ್ಮನ್ನ ಪ್ಲೇಗ್ ಇನ್ಸ್‌ಪೆಕ್ಟ್ರು ಅನ್ಕಂಡು ಪೊದೆಗೆ ನುಗ್ಗಿದ್ರು, ಮೊಲ ನುಗ್ದಂಗೆ! ಒಬ್ಳೇ ಒಬ್ಳು ಹೆಂಗ್ಸು ಬಂದ್ಲು. ವಯಸ್ಸಿನ ಹುಡ್ಗಿ, ಸೊಂಟದ ಮೇಲೆ ಕೂಸು. ಬಂದೋಳೇ ನೀರಿಗಿಳಿದು ಬುದ್ಧಿಯೋರ್ಗೆ ಅಡ್ಡ ನಿಂತ್ಬುಟ್ಲು.”

“ಅಡ್ಡ ಯಾಕೆ?”

“ಕೇಳು. ‘ಆ ಕಡೀಕೆ ಹೋಗ್ಬೇಡಿ, ಅಲ್ಲಿ ನರಪಿಳ್ಳೆ ಇಲ್ಲ, ಅದು ಹಾಳೂರು. ಚೌರಪ್ಪ ಎಲ್ಲವ್ನೋ ಅಲ್ಲೇ ಊರು, ಇಲ್ಲೇ ಬರ್ಕೊಳಿ’ ಅಂದ್ಲು. ತಿರುಗಿ ಹೋಗಕ್ಕಿಲ್ವೇನಮ್ಮ ಅಂತ ಬುದ್ಧಿಯೋರು ಕೇಳಿದ್ರು, ಮತ್ತೆ ಕೇಳಿದ್ರು. ಇಲ್ಲ ಅಂದ್ಲು. ದಡಕ್ಕೆ ಬಂದು ಕೂಸ್ನ ಕೆಳಗಿಳಿಸಿ, ಆ ಮರದ ದೇವರ ಕಾಲು ಮುಟ್ಟಿ ಆಣೆ ಮಾಡಿದ್ಲು. ಅಷ್ಟಾದ್ಮೇಲೆ ಬರೀದೆ ಇನ್ನೇನ್ ಮಾಡ್ತಾರೆ? ಆ ದಿಬ್ಬದ ಬಾವಿ, ಮರ ಎಲ್ಲ ಈಚೆ ದಡದಿಂದ್ಲೇ ದುರ್ಬೀನಲ್ಲಿ ನೋಡಿ ಬರ್ಕೊಂಡ್ರು.”

“ಯಾವಳು ಅವ್ಳು?” ಸಂತಿಯಾಗು ಎದ್ದೇ ನಿಂತ. ಇಷ್ಟು ದಿನ ಕಾಣದೆ ಸತಾಯಿಸುತ್ತಿದ್ದ ಕಳ್ಳ ಈಗ ಕೈಗೆ ಸಿಕ್ಕ ಹಾಗಾಗಿತ್ತು. “ಬದುಕಿದ್ರೆ ಅವಳ್ನೇ ಜುಟ್ಟು ಹಿಡಿದು ಕಚೇರಿಗೆ ಎಳಿತೀನಿ. ಯಾಕಂಗಂದ್ಲು?”

“ಹೆಸ್ರು ಯಾರಿಗ್ಗೊತ್ತು. ಗದ್ದದ್ ಮೇಲೆ ಒಂದು ಸುಟ್ಟ ಕಲೆ ಇತ್ತು, ಹುಣಸೆಬೀಜದಂಗೆ. ಕೂತ್ಕೊಳೋ, ಯಾಕೆ ಅನ್ನೋದ್ನ ನಾನು ಕಂಡಿದೀನಿ.” ಮುದುಕ ದನಿ ತಗ್ಗಿಸಿದ. “ಈಚೆ ದಡದಲ್ಲೇ ಬಾವುಟ ಕಟ್ಟಾಕೆ ಒಂದು ಮರ ಹತ್ತಿದ್ದೆ. ಮೇಲಿಂದ ನೋಡ್ತೀನಿ, ಹಾಳೂರಲ್ಲಿ ಒಂದು ಮನೆ ಸೂರಿಂದ ಹೊಗೆ ಏಳ್ತಾ ಅದೆ. ಸಂಜೆ ನೀರಿಗೆ ಹೋದ್ರೆ ಅದೇ ಹೆಂಗ್ಸು ಗಂಜಿ ಮಡಕೆ ಹೊತ್ಕಂಡು ಹೊಳೆ ದಾಟ್ತಾವ್ಳೆ. ನನ್ನ ಕಂಡು ಮಡಕೆ ಇಳಿಸಿ ಕಾಲಿಗೆ ಬಿದ್ಬುಟ್ಲು. ಗಂಡನ್ನ ಅಲ್ಲಿ ಬಚ್ಚಿಟ್ಟಿದ್ಲಂತೆ ಕಣೋ. ಕಂಕುಳಲ್ಲಿ ಗಡ್ಡೆ ಎದ್ದಿತ್ತಂತೆ. ಗೊತ್ತಾದ್ರೆ ಪ್ಲೇಗ್ ಶೆಡ್ಡಿಗೆ ಹೊತ್ಕಂಡ್ ಹೋಯ್ತಿದ್ರು, ಮನೇಗೆ ಬೆಂಕಿ ಇಡ್ತಿದ್ರು. ಊರೋರ್ಗೂ ಹೇಳಿರ್ಲಿಲ್ಲ, ಹೇಳಿದ್ರೆ ಅವಳ್ನೂ ಗುಡಿಸ್ಲಿಂದ ಆಚ್ಗಾಕೋರು. ಹಗಲು ಗುಡಿಸ್ಲಲ್ಲಿ ಎಲ್ರ ಮಕ್ಳ ಜೊತೆ ಇರೋಳು, ಸಂಜೆ ಅಲ್ಲಿ ಹೋಗಿ ಅವನ ಮೈ ಒರೆಸೋಳು. ನಾನು ಬಾಯಿ ಬುಡ್ಲಿಲ್ಲ. ಉಳಿದ್ನೋ ಸತ್ನೋ, ನಾವು ಮುಂದ್ಲೂರಿಗೆ ಹೊಂಟೋದೊ.”

ಸಂತಿಯಾಗು ಕೂತಿದ್ದ. ಯಾವಾಗ ಕೂತನೋ ಅವನಿಗೇ ತಿಳಿಯದು. ಸತ್ತ. ಅವನಪ್ಪ ಇನ್ನಾಸಪ್ಪ ಸತ್ತ. ಗುಡಿಸಲಲ್ಲಿ, ಎಲ್ಲರಿಗಿಂತ ಕೊನೆಗೆ, ಎಂದು ಅವ್ವ ಹೇಳುತ್ತಿದ್ದಳು. ಎಲ್ಲರಿಗಿಂತ ಮೊದಲು ಲೂಸಿ ಅನ್ನುವ ಮಗು. ಸಂಜೆ ಅಪ್ಪನ ಮೈ ಒರೆಸಿದ ಕೈಯಲ್ಲೇ ಅವ್ವ ಹಗಲು ಎಲ್ಲರ ಮಕ್ಕಳ ಜೊತೆ ಇರುತ್ತಿದ್ದಳಂತೆ.

“ಯಾಕ್ಲಾ, ಬೆವರ್ತಾ ಇದೀಯ?”

“ತಾತ.” ಅವನ ದನಿ ಅವನದಾಗಿರಲಿಲ್ಲ. “ಗುರುವಾರ ಬಂದು ಅದು ಪ್ಲೇಗಿನ ಗುಡಿಸ್ಲು ಅಂತ ಹೇಳು. ಅಷ್ಟೇ ಸಾಕು. ಆ ಹೆಂಗ್ಸಿನ ಮಾತು ಬ್ಯಾಡ.”

“ಅದೆಂಗಾಯ್ತದೆ? ಗುಡಿಸ್ಲು ಅಂತ ಗೊತ್ತಿದ್ದೂ ಊರು ಅಂತ ಯಾಕೆ ಬರೆದ್ರಿ ಅಂತ ಮೊದ್ಲು ಅದನ್ನೇ ಕೇಳ್ತಾರೆ. ಏನನ್ಲಿ? ನಮ್ ಬುದ್ಧಿಯೋರು ಕುಡ್ದಿದ್ರು ಅನ್ಲಾ? ಅವ್ರ ಅನ್ನ ತಿಂದಿದೀನಿ. ಸತ್ತೋರ ತಲೆ ಮೇಲೆ ನಾನು ತಪ್ಪು ಹೊರ್ಸಕ್ಕಿಲ್ಲ.” ಜವರಯ್ಯ ಹಣೆಯ ವಿಭೂತಿ ಮುಟ್ಟಿಕೊಂಡ. “ಕರೆದ್ರೆ ಬತ್ತೀನಿ. ಬಂದ್ರೆ ಮಾದಪ್ಪನ ಆಣೆ, ಕಂಡದ್ದಷ್ಟನ್ನೂ ಹೇಳ್ತೀನಿ. ಅರ್ಧ ಹೇಳೋನು ನಾನಲ್ಲ. ನಿಮ್ಮೂರೋರ್ಗೂ ಗೊತ್ತಾಗ್ಲಿ ಬುಡು, ಹಳೇ ಕತೆ.”

ಕೋಣೆಗೆ ಬಂದಾಗ ಜ್ಞಾನಮ್ಮ ಮುದ್ದೆ ಕಟ್ಟುತ್ತಿದ್ದಳು. ತಲೆ ಎತ್ತದೆ ಕೇಳಿದಳು: “ಸಿಕ್ಕಿದ್ನಾ?”

ಸಂತಿಯಾಗು ಗೋಡೆಗೊರಗಿದ. ದಾರಿಯುದ್ದಕ್ಕೂ ಹಲ್ಲು ಕಡಿದು ಸೇರಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಬಾಯಿಗೆ ಬರುವಷ್ಟರಲ್ಲಿ ಒಂದೇ ಆಗಿಹೋಗಿದ್ದವು.

“ಅಪ್ಪ ಎಲ್ಲಿ ಸತ್ತ?”

ನೀರು ಮುಟ್ಟಿದ ಅಂಗೈಯಲ್ಲಿ ಮುದ್ದೆ ಒಂದು ಸುತ್ತು ತಿರುಗಿತು, ಇನ್ನೊಂದು ಸುತ್ತು ತಿರುಗಿತು. ನುಣ್ಣಗಾದ ಮೇಲೂ ಅವಳು ಅದನ್ನು ತಿರುಗಿಸುತ್ತಲೇ ಇದ್ದಳು.

“ಗುಡಿಸ್ಲಲ್ಲಿ. ಎಷ್ಟು ಸಲ ಹೇಳ್ಬೇಕು ನಿಂಗೆ? ತಿನ್ನು, ಆರೋಯ್ತದೆ.”

ಅವನು ತಿಂದ. ತುತ್ತು ತುತ್ತಿಗೂ ನೀರು ಕುಡಿದು ಇಳಿಸಿದ. ಬಾಯಿ ತೆರೆದರೆ ಏನು ಬೀಳುತ್ತದೋ ಎಂಬ ಹೆದರಿಕೆ ಅವನಿಗೆ ಅದೇ ಮೊದಲು. ಕೈ ತೊಳೆದು ಹೊರಗೆ ಬಂದು ಬೆಲ್ಲದ ಪಿಂಡಿಗಳ ನಡುವೆ ಕೂತ. ಊರಿಗಿಂತ ಅವ್ವ ಹೆಚ್ಚೇ ಅಂದುಕೊಂಡ. ಹೆಚ್ಚಲ್ಲ. ನಲವತ್ತು ಒಲೆ, ಅವುಗಳ ಮುಂದೆ ಒಬ್ಬಳು ಮುದುಕಿಯ ಮಾನ ಯಾವ ಲೆಕ್ಕ? ಹೇಳಿಬಿಡಬೇಕು. ಹೇಳಿದರೆ ಅಂತೋಣಿಸ್ವಾಮಿ ಏನು ಮಾಡುತ್ತಾನೆ? ಊರು ಉಳಿದರೂ ಆ ಊರಲ್ಲಿ ಅವಳಿಗೆ ಒಂದು ಚೆಂಬು ನೀರು ಕೊಡುವವರು ಇರುವುದಿಲ್ಲ, ಸತ್ತರೆ ಮಣ್ಣು ಹಾಕುವವರು ಇರುವುದಿಲ್ಲ. ಗಂಡ ಆದರೂ ಉಳಿದನೇ? ಅದೂ ಇಲ್ಲ. ಸಾಯುವವನನ್ನು ಸಾಯಲು ಬಿಟ್ಟಿದ್ದರೆ ಊರು ಇರುತ್ತಿತ್ತು. ಹೀಗೆ ಅಂದುಕೊಂಡದ್ದಕ್ಕೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ. ಹಮಾಲಿ ಒಬ್ಬ ಮೂಟೆ ಹೊತ್ತು ಹೋಗುತ್ತಿದ್ದವನು “ಸೊಳ್ಳೆ ಜಾಸ್ತಿ ಅಲ್ವಾ ಸಂತಿಯಾಗಣ್ಣ” ಅಂದ.

ಗುರುವಾರ ಜ್ಞಾನಮ್ಮನೂ ಹೊರಟಳು. ಬೇಡ ಅಂದರೆ ಕೇಳಲಿಲ್ಲ. “ಊರು ನಂದೂ ಹೌದು” ಅಂದಳು.

ಜಗಲಿಯ ಮೇಲೆ ಊರಿಗೆ ಊರೇ ಬಂದ ಹಾಗಿತ್ತು. ರಾತ್ರಿಯೆಲ್ಲ ಗಾಡಿ ಹೊಡೆದುಕೊಂಡು ಇನ್ನಷ್ಟು ಜನ ಬಂದಿದ್ದರು, ಹೆಂಗಸರು, ಮಕ್ಕಳು. ಅಂತೋಣಿಸ್ವಾಮಿ ಒಗೆದ ಅಂಗಿ ತೊಟ್ಟು ಮದುವೆಗೆ ಬಂದವನ ಹಾಗೆ ಓಡಾಡುತ್ತಿದ್ದ. ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದ: “ಜವರಯ್ಯ ಬರ್ಲಿ, ಊರು ಅಲ್ಲದೆ ಅಂತ ಯಾವ ಪಾಪಿ ತೋರ್ಸಿದ್ದು ಅನ್ನೋದೂ ಇವತ್ತು ಆಚೆಗೆ ಬಂದ್ಬುಡ್ಲಿ. ಬದುಕಿದ್ರೆ ಅವನ ಬಾಯಿಗೆ ಆ ಹೊಳೆ ಮರಳೇ ತುಂಬ್ತೀನಿ.” ಜ್ಞಾನಮ್ಮ ಹೆಂಗಸರ ನಡುವೆ ಹೋಗಿ ಕೂತಳು. ಯಾರದೋ ಮಗು ಅಳುತ್ತಿತ್ತು, ಎತ್ತಿ ತೊಡೆಯ ಮೇಲೆ ಹಾಕಿಕೊಂಡಳು.

ದೊಡ್ಡ ಸಾಹೇಬ ಒಳಗಿನಿಂದ ಬಂದು ಕುರ್ಚಿಯಲ್ಲಿ ಕೂತ. ಬಸವರಾಜು ಹಾಳೆ ಬಿಡಿಸಿ, ಮಸಿಯಲ್ಲಿ ಲೇಖನಿ ಅದ್ದಿ ಕಾದ.

“ಎಲ್ಲಯ್ಯ ನಿನ್ನ ಸಾಕ್ಷಿ?”

ಎಲ್ಲರೂ ಸಂತಿಯಾಗುವಿನ ಬೆನ್ನ ಹಿಂದೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ.

“ಬತ್ತಾವ್ನಾ? ಹಿಂದೆ ಬತ್ತಾವ್ನಾ?” ಅಂತೋಣಿಸ್ವಾಮಿ ತೋಳು ಹಿಡಿದು ಅಲುಗಿಸಿದ. “ಸಿಕ್ಕಿದ್ನೋ ಇಲ್ವೋ? ಏನಂದ? ಲೋ, ಸತ್ತೋಗವ್ನಾ? ಬಾಯಿಬುಡೋ!”

ಸತ್ತುಹೋಗಿದ್ದಾನೆ ಅನ್ನಬಹುದಿತ್ತು. ಸುಲಭವಾಗಿತ್ತು. ನಾಲಿಗೆಯ ತುದಿಗೂ ಬಂತು. ಆದರೆ ಅವನ ಕಣ್ಣು ಹೆಂಗಸರ ಕಡೆ ಹೊರಳಿತು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿರುತ್ತಾಳೆ, ಇಲ್ಲವೇ ಕಣ್ಣಲ್ಲೇ ಬೇಡಿಕೊಳ್ಳುತ್ತಾಳೆ ಅಂದುಕೊಂಡಿದ್ದ. ಅವಳು ಎರಡನ್ನೂ ಮಾಡುತ್ತಿರಲಿಲ್ಲ. ಮಗುವಿನ ಬೆನ್ನು ತಟ್ಟುತ್ತ ನೆಟ್ಟಗೆ ಅವನನ್ನೇ ನೋಡುತ್ತಿದ್ದಳು, ಹೇಳಿದರೂ ಸರಿ, ಹೇಳದಿದ್ದರೂ ಸರಿ, ನಾನು ಇಲ್ಲಿಂದ ಏಳುವುದಿಲ್ಲ ಎನ್ನುವ ಹಾಗೆ.

“ಸಾಹೇಬರ ಹೊತ್ತು ಹಾಳು ಮಾಡ್ತೀಯೇನಯ್ಯ?” ಬಸವರಾಜುವಿನ ಲೇಖನಿಯಿಂದ ಮಸಿ ತೊಟ್ಟಿಕ್ಕಿತು. “ಸಾಕ್ಷಿ ಇದೆಯೋ ಇಲ್ಲವೋ? ಒಂದು ಮಾತು ಹೇಳು, ಬರ್ಕೊಳ್ತೀನಿ.”

ಸಂತಿಯಾಗು ತೋಳಿನಿಂದ ಅಂತೋಣಿಸ್ವಾಮಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಮುದುಕನ ಬೆರಳು ತಣ್ಣಗಿದ್ದವು. ಜನ ಎರಡು ಪಾಲಾಗಿ ದಾರಿ ಬಿಟ್ಟರು. ಸಾಕ್ಷಿಯನ್ನು ಕರೆತರಲು ಹೊರಟನೆಂದೇ ಅವರು ತಿಳಿದರು. “ಬೇಗ ಬಾರೋ” ಅಂತ ಯಾರೋ ಅಂದರು. ಅವನು ಮೆಟ್ಟಿಲಿಳಿದ. ಗೇಟಿನಾಚೆ ಬೀದಿಯಲ್ಲಿ ನೀರಿನ ಗಾಡಿಯೊಂದು ಧೂಳಿಗೆ ನೀರು ಚಿಮುಕಿಸುತ್ತ ಹೋಗುತ್ತಿತ್ತು. ಶ್ರೀರಾಂಪುರ ಇದ್ದದ್ದು ಎಡಕ್ಕೆ. ಅವನು ಬಲಕ್ಕೆ ತಿರುಗಿದ.

ಹಿಂದೆ ಅಂತೋಣಿಸ್ವಾಮಿ ಕೂಗಿದ, “ಸಂತಿಯಾಗೂ!” ಮತ್ತೆ ಕೂಗಿದ. ಅವನು ನಡೆಯುತ್ತಲೇ ಇದ್ದ.